ಅರ್ಲ್ ಸ್ಕ್ರಗ್ಸ್ ಬ್ಯಾಂಜೊ: ಮೂರು ಬೆರಳಲ್ಲಿ ಅವರು ಮಾಡಿದ್ದು ನಿಖರವಾಗಿ ಏನು?

ಕೇಳುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬ್ಲೂಗ್ರಾಸ್ ಎಂಬ ತಂತಿವಾದ್ಯಗಳ ಸಂಗೀತದಲ್ಲಿ ಬ್ಯಾಂಜೊ ಅಂದ ಕೂಡಲೇ ಅರ್ಲ್ ಸ್ಕ್ರಗ್ಸ್ ಹೆಸರು ಬರುತ್ತದೆ. ಆದರೆ ಅವರ ಬಗ್ಗೆ ಎಲ್ಲಿ ಓದಿದರೂ ಎರಡೇ ಮಾತು: ಮೂರು ಬೆರಳಿನ ಶೈಲಿ ಕಂಡುಹಿಡಿದವರು, ವಿಪರೀತ ವೇಗ. ಇಷ್ಟರಿಂದ ನುಡಿಸುವವರಿಗೆ ಏನೂ ತಿಳಿಯುವುದಿಲ್ಲ. ಆ ಶೈಲಿ ನಿಜಕ್ಕೂ ಅವರದ್ದೇ ಸೃಷ್ಟಿಯೇ? ಅವರಿಗಿಂತ ಮುಂಚೆ ಹೇಗಿತ್ತು, ಅವರ ನಂತರ ಏನು ಬದಲಾಯಿತು? ಗಿರಣಿ ಕೆಲಸದಿಂದ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ವರೆಗಿನ ದಾರಿ ಹೇಗೆ ಸಾಗಿತು? ಬಿಲ್ ಮನ್ರೋ ಅವರನ್ನೂ ಆಮೇಲೆ ಲೆಸ್ಟರ್ ಫ್ಲ್ಯಾಟ್ ಅವರನ್ನೂ ಬಿಟ್ಟದ್ದು ಯಾಕೆ?

ಇದರ ಜೊತೆಗೆ ಕೈಗೆ ಸಂಬಂಧಿಸಿದ ಪ್ರಶ್ನೆ. ಲಯ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 80 ಪೆಟ್ಟಿಗೆ ಇಟ್ಟು ರೋಲ್‌ಗಳನ್ನು (ಬೆರಳುಗಳು ಗೊತ್ತಾದ ಕ್ರಮದಲ್ಲಿ ಮೀಟುವ ಎಂಟು ಸ್ವರದ ಓಟ) ತಪ್ಪಿಲ್ಲದೆ ನುಡಿಸಿದರೂ ಸ್ಕ್ರಗ್ಸ್ ಥರ ಕೇಳಿಸುವುದಿಲ್ಲ, ಹೊಲಿಗೆ ಯಂತ್ರದ ಸದ್ದಿನಂತೆ ಒಂದೇ ಸಮ ಓಡುತ್ತದೆ. ವಾದ್ಯ ರೆಸೊನೇಟರ್ (ಸದ್ದು ಮುಂದಕ್ಕೆ ತಳ್ಳುವ ಹಿಂಬದಿಯ ಬಟ್ಟಲು) ಇರುವ ಐದು ತಂತಿಯ ಬ್ಯಾಂಜೊ, ಮಾಮೂಲಿ ಓಪನ್ ಜಿ ಶ್ರುತಿ (ಎಡಗೈ ಒತ್ತದೆ ಮೀಟಿದರೆ ಜಿ ಕಾರ್ಡ್, ಅಂದರೆ ಜಿ ಆಧಾರದ ಸ್ವರಗುಂಪು ಬರುವಂತೆ). ದೋಷ ಕೈಯಲ್ಲೋ ವಾದ್ಯದ ಸೆಟಪ್‌ನಲ್ಲೋ ಹೇಗೆ ಪತ್ತೆ ಮಾಡುವುದು?

ಹಳೇ ರೇಡಿಯೊ:

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಮೂರು ಬೆರಳಲ್ಲಿ ಬ್ಯಾಂಜೊ ನುಡಿಸುವುದು ಸ್ಕ್ರಗ್ಸ್ ಹುಟ್ಟುವ ಮೊದಲೇ ಅವರ ಸೀಮೆಯಲ್ಲಿ ಇತ್ತು. ಅವರು ಹುಟ್ಟಿದ್ದು 1924ರ ಜನವರಿ 6ರಂದು, ನಾರ್ತ್ ಕ್ಯಾರೊಲಿನಾದ ಕ್ಲೀವ್‌ಲ್ಯಾಂಡ್ ಕೌಂಟಿಯಲ್ಲಿ, ಷೆಲ್ಬಿ ಪಟ್ಟಣದ ಹತ್ತಿರದ ಫ್ಲಿಂಟ್ ಹಿಲ್‌ನಲ್ಲಿ. ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಇಬ್ಬರೂ ಅದೇ ಸೀಮೆಯವರು, ಇಬ್ಬರೂ ಮೂರು ಬೆರಳಲ್ಲೇ ನುಡಿಸುತ್ತಿದ್ದರು. ಸ್ಕ್ರಗ್ಸ್ ಅವರ ಅಣ್ಣ ಜೂನಿ ಕೂಡ ಬ್ಯಾಂಜೊ ನುಡಿಸುತ್ತಿದ್ದರು. ಹಾಗಾಗಿ "ಕಂಡುಹಿಡಿದರು" ಅನ್ನುವುದು ಹಳಬರಿಗೆ ಅನ್ಯಾಯ. ಆದರೆ ಹಳಬರ ಧ್ವನಿಮುದ್ರಣ ಕೇಳಿ, ಆಮೇಲೆ 1946ರ ಸ್ಕ್ರಗ್ಸ್ ಕೇಳಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಳಬರ ಕೈಯಲ್ಲಿ ಹಾಡಿನ ಧಾಟಿ ಒಂದು ಕಡೆ, ಬೆರಳಿನ ಓಟ ಇನ್ನೊಂದು ಕಡೆ. ನಡುವೆ ಸಣ್ಣ ಸಣ್ಣ ಬಿರುಕುಗಳು. ಸ್ಕ್ರಗ್ಸ್ ಕೈಯಲ್ಲಿ ಓಟ ನಿಲ್ಲುವುದೇ ಇಲ್ಲ, ಆದರೂ ಧಾಟಿ ಹಾಡಿದಷ್ಟು ಸ್ಪಷ್ಟ. ಅವರ ಕೊಡುಗೆ ಅದು.

ಬಾಲ್ಯದ ಒಂದೆರಡು ಸಂಗತಿ ನುಡಿಸುವವರಿಗೆ ಮುಖ್ಯ. ತಂದೆ ತೀರಿಕೊಂಡಾಗ ಅವರಿಗೆ ನಾಲ್ಕು ವರ್ಷ. ಸುಮಾರು ಹತ್ತನೇ ವಯಸ್ಸಿನಲ್ಲಿ, "ರೂಬೆನ್" ಎಂಬ ಹಳೆಯ ಧಾಟಿಯನ್ನು ಡಿ ಶ್ರುತಿಯಲ್ಲಿ ನುಡಿಸುತ್ತಿದ್ದಾಗ, ತಾನು ಮೂರನೇ ಬೆರಳನ್ನೂ ಬಳಸುತ್ತಿದ್ದೇನೆ ಎಂದು ಗಮನಕ್ಕೆ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಇನ್ನೊಂದು, ಅಣ್ಣ ಹೊರೇಸ್ ಜೊತೆಗಿನ ಆಟ. ಇಬ್ಬರೂ ಮನೆ ಮುಂದೆ ನಿಂತು ಒಂದು ಹಾಡು ಶುರು ಮಾಡುವುದು, ನುಡಿಸುತ್ತಲೇ ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಮನೆಯನ್ನು ಸುತ್ತಿ ಬರುವುದು, ಹಿತ್ತಲಲ್ಲಿ ಎದುರಾದಾಗ ಲಯ ಕೂಡಿದೆಯೇ ಎಂದು ನೋಡುವುದು. ಮೆಟ್ರೊನೋಮ್ ಇಲ್ಲದ ಮನೆಯಲ್ಲಿ ಇದಕ್ಕಿಂತ ಕಠಿಣ ಲಯ ಪರೀಕ್ಷೆ ಇರಲಾರದು.

ಯುದ್ಧದ ವರ್ಷಗಳಲ್ಲಿ ಷೆಲ್ಬಿಯ ಲಿಲಿ ಮಿಲ್ ಎಂಬ ನೂಲಿನ ಗಿರಣಿಯಲ್ಲಿ ದುಡಿದರು. 1945ರಲ್ಲಿ ನಾಕ್ಸ್‌ವಿಲ್‌ನಲ್ಲಿ ಲಾಸ್ಟ್ ಜಾನ್ ಮಿಲ್ಲರ್ ತಂಡ ಸೇರಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ಗೆ, ಬಿಲ್ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡಕ್ಕೆ. ಮನ್ರೋ ಕೆಂಟಕಿಯವರು, "ಬ್ಲೂ ಗ್ರಾಸ್" ಆ ರಾಜ್ಯದ ಅಡ್ಡಹೆಸರು. ಇಡೀ ಸಂಗೀತ ಪ್ರಕಾರಕ್ಕೆ ತಂಡದ ಹೆಸರೇ ಅಂಟಿಕೊಂಡಿತು. ಮ್ಯಾಂಡೊಲಿನ್ ಮನ್ರೋ, ಗಿಟಾರ್ ಲೆಸ್ಟರ್ ಫ್ಲ್ಯಾಟ್, ಬ್ಯಾಂಜೊ ಸ್ಕ್ರಗ್ಸ್, ಪಿಟೀಲು ಚಬ್ಬಿ ವೈಸ್, ಬಾಸ್ ಹೊವರ್ಡ್ ವಾಟ್ಸ್. ಈ ಐವರು ಕೊಲಂಬಿಯಾ ಕಂಪನಿಗೆ 1946ರ ಸೆಪ್ಟೆಂಬರ್ ಮತ್ತು 1947ರ ಅಕ್ಟೋಬರ್‌ನಲ್ಲಿ ಧ್ವನಿಮುದ್ರಿಸಿದ 28 ಹಾಡುಗಳೇ ಇವತ್ತಿಗೂ ಬ್ಲೂಗ್ರಾಸ್‌ನ ಅಳತೆಗೋಲು. ಡ್ರಮ್ ಇಲ್ಲ. ಬಾಸ್ ಮೊದಲನೇ ಮತ್ತು ಮೂರನೇ ಪೆಟ್ಟು ಹಿಡಿದರೆ, ಎರಡು ಮತ್ತು ನಾಲ್ಕರಲ್ಲಿ ಮ್ಯಾಂಡೊಲಿನ್‌ನ ಕತ್ತರಿಸಿದ ಪೆಟ್ಟು. ನಡುವಿನ ಜಾಗವನ್ನೆಲ್ಲ ಬ್ಯಾಂಜೊ ತುಂಬುತ್ತದೆ.

ಮನ್ರೋ ತಂಡ ಬಿಟ್ಟದ್ದು 1948ರ ಆರಂಭದಲ್ಲಿ. ಕಾರಣ ಜಗಳವಲ್ಲ, ದಣಿವು. ವಾರವಿಡೀ ಕಾರಿನಲ್ಲಿ ಪ್ರಯಾಣ, ಶನಿವಾರ ರಾತ್ರಿ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮ, ಮತ್ತೆ ರಸ್ತೆ. ತಾಯಿಯ ಹತ್ತಿರ ಊರಿಗೆ ಹೋಗಿಬಿಡುವ ಯೋಚನೆ ಅವರದ್ದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫ್ಲ್ಯಾಟ್ ಕೂಡ ಹೊರಬಂದರು. ಇಬ್ಬರೂ ಸೇರಿ ಫಾಗಿ ಮೌಂಟನ್ ಬಾಯ್ಸ್ ತಂಡ ಕಟ್ಟಿದರು. ಮನ್ರೋ ತಂಡದ ನಕಲು ಅನ್ನಿಸಿಕೊಳ್ಳಬಾರದೆಂದು ಮ್ಯಾಂಡೊಲಿನ್ ಅನ್ನು ಹಿಂದಕ್ಕೆ ಸರಿಸಿದರು, 1955ರಲ್ಲಿ ಜಾಷ್ ಗ್ರೇವ್ಸ್ ಅವರ ಡೊಬ್ರೊ (ಲೋಹದ ತುಂಡು ಜಾರಿಸಿ ನುಡಿಸುವ ಗಿಟಾರ್) ಸೇರಿಸಿದರು. ಗ್ರೇವ್ಸ್ ಬಲಗೈ ರೋಲ್‌ಗಳನ್ನು ಕಲಿತದ್ದು ಸ್ಕ್ರಗ್ಸ್ ಅವರಿಂದಲೇ.

ಹೊಟ್ಟೆಪಾಡು ನಡೆದದ್ದು ಹಿಟ್ಟಿನಿಂದ. ಮಾರ್ಥಾ ವೈಟ್ ಹಿಟ್ಟಿನ ಕಂಪನಿ 1953ರಿಂದ ಪ್ರಾಯೋಜಕ; ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೊ ಕೇಂದ್ರದಲ್ಲಿ ಬೆಳಗಿನ 5.45ಕ್ಕೆ ಕಾರ್ಯಕ್ರಮ, ರೈತರು ಹಾಲು ಕರೆದು ಬರುವ ಹೊತ್ತು. ಆಮೇಲೆ ಟೆಲಿವಿಷನ್ ಬಂತು. ವಿಡಿಯೊ ಟೇಪ್ ಇನ್ನೂ ಇಲ್ಲ. ಪ್ರತಿ ಊರಿನ ಕೇಂದ್ರಕ್ಕೂ ತಾವೇ ಹೋಗಿ ನೇರಪ್ರಸಾರದಲ್ಲಿ ನುಡಿಸಬೇಕು. ವಾರಕ್ಕೆ ಸುಮಾರು 2,500 ಮೈಲಿ ಓಡಾಟ. 1955ರ ಅಕ್ಟೋಬರ್‌ನಲ್ಲಿ ಕಾರು ಅಪಘಾತವಾಗಿ ಸ್ಕ್ರಗ್ಸ್ ಸೊಂಟದ ಮೂಳೆಗಳಿಗೆ ತೀವ್ರ ಪೆಟ್ಟು ಬಿತ್ತು, ತಿಂಗಳುಗಟ್ಟಲೆ ವೇದಿಕೆ ಇಲ್ಲ.

ಈ ಕಥೆಯಲ್ಲಿ ಬಹಳ ಜನ ಬಿಟ್ಟುಬಿಡುವ ಹೆಸರು ಲೂಯಿಸ್ ಸ್ಕ್ರಗ್ಸ್. 1948ರಲ್ಲಿ ಮದುವೆ, 1950ರ ದಶಕದ ನಡುವಿನಿಂದ ಕಾರ್ಯಕ್ರಮ ಗೊತ್ತುಮಾಡುವುದು, ಕರಾರು, ಲೆಕ್ಕ, ಪ್ರಚಾರ ಎಲ್ಲವೂ ಅವರದ್ದೇ. ಕಂಟ್ರಿ ಸಂಗೀತದಲ್ಲಿ ಇಂಥ ಕೆಲಸ ಮಾಡಿದ ಮೊದಲ ಹೆಂಗಸರಲ್ಲಿ ಒಬ್ಬರು. 1959ರ ನ್ಯೂಪೋರ್ಟ್ ಜಾನಪದ ಉತ್ಸವ, ಕಾಲೇಜು ಸಭಾಂಗಣಗಳು, 1962ರ ಡಿಸೆಂಬರ್ 8ರ ಕಾರ್ನೆಗಿ ಹಾಲ್. ಹಳ್ಳಿಯ ಶಾಲೆ ಅಂಗಳದಿಂದ ಈ ವೇದಿಕೆಗಳಿಗೆ ಬ್ಯಾಂಜೊ ಹೋದದ್ದರ ಹಿಂದೆ ಅವರ ದೂರದೃಷ್ಟಿ ಇದೆ. "ಬೆವರ್ಲಿ ಹಿಲ್‌ಬಿಲ್ಲೀಸ್" ಧಾರಾವಾಹಿಯ ಶೀರ್ಷಿಕೆ ಹಾಡು 1963ರ ಜನವರಿಯಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1967ರ "ಬಾನಿ ಆ್ಯಂಡ್ ಕ್ಲೈಡ್" ಚಿತ್ರ ಅವರ "ಫಾಗಿ ಮೌಂಟನ್ ಬ್ರೇಕ್‌ಡೌನ್" ಕೃತಿಯ 1949ರ ಧ್ವನಿಮುದ್ರಣವನ್ನೇ ಕಾರು ಓಡುವ ದೃಶ್ಯಗಳಿಗೆ ಬಳಸಿತು.

ಫ್ಲ್ಯಾಟ್ ಜೊತೆ ಬೇರೆಯಾದದ್ದು 1969ರಲ್ಲಿ. ಇಲ್ಲಿ ನಿಜಕ್ಕೂ ಅಭಿರುಚಿಯ ಭಿನ್ನಮತ. ಹೊಸ ಕಾಲದ ಹಾಡುಗಳು ಫ್ಲ್ಯಾಟ್ ಅವರಿಗೆ ಒಗ್ಗಲಿಲ್ಲ. ಸ್ಕ್ರಗ್ಸ್ ಅವರಿಗೆ ಮಕ್ಕಳಾದ ಗ್ಯಾರಿ, ರ್ಯಾಂಡಿ, ಸ್ಟೀವ್ ಜೊತೆ ಡ್ರಮ್, ಎಲೆಕ್ಟ್ರಿಕ್ ವಾದ್ಯಗಳೊಂದಿಗೆ ನುಡಿಸುವ ಆಸೆ. ಅದೇ ಅರ್ಲ್ ಸ್ಕ್ರಗ್ಸ್ ರಿವ್ಯೂ ತಂಡ. ಅದೇ ವರ್ಷ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಯೆಟ್ನಾಂ ಯುದ್ಧವಿರೋಧಿ ಸಭೆಯಲ್ಲೂ ನುಡಿಸಿದರು. ದಕ್ಷಿಣದ ಕಂಟ್ರಿ ಕಲಾವಿದರಲ್ಲಿ ಅಂಥ ಧೈರ್ಯ ಆಗ ತೀರ ಅಪರೂಪ, ಅದಕ್ಕೆ ಅವರ ಮೇಲೆ ಗೌರವ ಇನ್ನೂ ಹೆಚ್ಚು. ತೀರಿಕೊಂಡದ್ದು 2012ರ ಮಾರ್ಚ್ 28ರಂದು, 88ನೇ ವಯಸ್ಸಿನಲ್ಲಿ, ನ್ಯಾಶ್‌ವಿಲ್‌ನಲ್ಲಿ. ಷೆಲ್ಬಿಯ ಹಳೆಯ ಕೋರ್ಟ್ ಕಟ್ಟಡ 2014ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ.

ಐದನೇ ತಂತಿ:

ಹೊಲಿಗೆ ಯಂತ್ರದ ಸಮಸ್ಯೆಗೆ ಬರುತ್ತೇನೆ. ಮೊದಲು ರೋಲ್ ಯಾಕೆ ಬೇಕಾಯಿತು ಎಂಬುದು ತಲೆಯಲ್ಲಿ ಕೂರಬೇಕು. ಬ್ಯಾಂಜೊದ ಬ್ರಿಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ) ಕೂತಿರುವುದು ಮರದ ಮೇಲಲ್ಲ, ಬಿಗಿದ ತೆಳು ಪೊರೆಯ ಮೇಲೆ. ತಂತಿಯ ಶಕ್ತಿಯನ್ನು ಪೊರೆ ತಕ್ಷಣ ಎಳೆದುಕೊಂಡು ಗಾಳಿಗೆ ಕೊಟ್ಟುಬಿಡುತ್ತದೆ. ಸದ್ದು ಜೋರು, ಆಯುಸ್ಸು ಕಡಿಮೆ. ಒಂದು ಸ್ವರ ಮೀಟಿ ಕಾದರೆ ಅದು ಸತ್ತೇ ಹೋಗುತ್ತದೆ. ಸತ್ತು ಹೋಗುವ ಮುಂಚೆ ಪಕ್ಕದ ತಂತಿಗಳಿಂದ ಇನ್ನೆರಡು ಸ್ವರ ಬಂದು ಅದನ್ನು ಎತ್ತಿ ಹಿಡಿಯಬೇಕು. ಅಂದರೆ ರೋಲಿನಲ್ಲಿ ಎಲ್ಲ ಸ್ವರಗಳೂ ಸಮಾನವಲ್ಲ. ಒಂದು ಸ್ವರ ಹಾಡಿನದು, ಉಳಿದವು ಅದಕ್ಕೆ ಹೆಗಲು ಕೊಡುವಂಥವು. ನೀವು ಎಂಟಕ್ಕೆ ಎಂಟನ್ನೂ ಒಂದೇ ಬಲದಲ್ಲಿ ಮೀಟುತ್ತಿದ್ದೀರಿ, ತೊಂದರೆ ಅಲ್ಲಿದೆ.

ಶ್ರುತಿ 5ನೇ ತಂತಿಯಿಂದ ಕ್ರಮವಾಗಿ: ಮೇಲಿನ ಜಿ, ಡಿ, ಜಿ, ಬಿ, ಡಿ. ಬೆರಳುಗಳನ್ನು ಹೆ (ಹೆಬ್ಬೆರಳು), ತೋ (ತೋರುಬೆರಳು), ನ (ನಡುಬೆರಳು) ಎಂದು ಬರೆಯುತ್ತೇನೆ. ಅಂಕಿ ತಂತಿಯದ್ದು.

ಪರ್ಯಾಯ ಹೆಬ್ಬೆರಳ ರೋಲ್: 3 2 5 1 4 2 5 1, ಬೆರಳು ಹೆ ತೋ ಹೆ ನ ಹೆ ತೋ ಹೆ ನ.

ಮುಮ್ಮುಖ ರೋಲಿನ ಒಂದು ರೂಪ: 3 2 1 5 2 1 5 1, ಬೆರಳು ಹೆ ತೋ ನ ಹೆ ತೋ ನ ಹೆ ನ.

ಹೋಗಿ ಮರಳುವ ರೋಲ್: 3 2 1 5 1 2 3 1, ಬೆರಳು ಹೆ ತೋ ನ ಹೆ ನ ತೋ ಹೆ ನ.

ಬಹಳ ಜನ ಮೊದಲನೆಯದರಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಅದು ಎರಡೆರಡಾಗಿ ಒಡೆಯುತ್ತದೆ, ಅದಕ್ಕೇ ಯಂತ್ರದ ಥರ ಕೇಳಿಸುವುದು. ಸ್ಕ್ರಗ್ಸ್ ಅವರ ಎಳೆತ ಇರುವುದು ಎರಡನೆಯದರಲ್ಲಿ. ಹೆಬ್ಬೆರಳು ಎಲ್ಲಿ ಬೀಳುತ್ತದೆ ನೋಡಿ: 1, 4, 7ನೇ ಸ್ವರದ ಮೇಲೆ. ಎಂಟು ಸ್ವರ 3, 3, 2 ಎಂದು ಒಡೆಯುತ್ತವೆ. ಬಾಸ್ ಮಾತ್ರ ನಾಲ್ಕು ನಾಲ್ಕಾಗಿ ಎಣಿಸುತ್ತಿರುತ್ತದೆ. ಆ ಎರಡರ ಜಗ್ಗಾಟವೇ ಬ್ಲೂಗ್ರಾಸ್‌ನ ಓಟ.

ಹೀಗೆ ಸಾಧನೆ ಮಾಡಿ. ಯಾವುದಾದರೂ ಗೊತ್ತಿರುವ ಸರಳ ಧಾಟಿ ತೆಗೆದುಕೊಂಡು ಹೆಬ್ಬೆರಳೊಂದರಲ್ಲೇ 3 ಮತ್ತು 4ನೇ ತಂತಿಗಳ ಮೇಲೆ ನುಡಿಸಿ, ಬೇರೆ ಬೆರಳು ಮುಟ್ಟಬೇಡಿ. ಅದು ಹಾಡಿನಂತೆ ಕೇಳಿಸುವವರೆಗೆ ಮುಂದೆ ಹೋಗಬೇಡಿ. ಆಮೇಲೆ ಮೆಟ್ರೊನೋಮ್ 60ಕ್ಕೆ ಇಳಿಸಿ, ಪ್ರತಿ ಪೆಟ್ಟಿಗೆ ನಾಲ್ಕು ಸ್ವರದಂತೆ ರೋಲ್ ಸೇರಿಸಿ. ಧಾಟಿಯ ಸ್ವರ ಜೋರು, ಉಳಿದವು ಅದರ ಅರ್ಧದಷ್ಟು. 1ನೇ ಮತ್ತು 5ನೇ ತಂತಿ ಬೇಕೆಂದೇ ಮೆತ್ತಗೆ. ಇದನ್ನು ರೆಕಾರ್ಡ್ ಮಾಡಿ, ಪಕ್ಕದ ಕೋಣೆಯಿಂದ ಕೇಳಿ. ಹಾಡು ಯಾವುದೆಂದು ಗುರುತು ಸಿಗದಿದ್ದರೆ ವೇಗ ಹೆಚ್ಚಿಸಬೇಡಿ. 80ರಲ್ಲಿ ಹೊಲಿಗೆ ಯಂತ್ರವಾಗಿದ್ದದ್ದು 150ರಲ್ಲೂ ಹೊಲಿಗೆ ಯಂತ್ರವೇ.

5ನೇ ತಂತಿ ಚುಚ್ಚಿದಂತೆ ಕೇಳುತ್ತಿದ್ದರೆ ಹೆಬ್ಬೆರಳಿನ ಪಿಕ್ (ಮೀಟಲು ಬೆರಳಿಗೆ ತೊಡುವ ಉಗುರು) ತಂತಿಯ ಕೆಳಗೆ ಆಳಕ್ಕೆ ಇಳಿಯುತ್ತಿದೆ ಎಂದರ್ಥ. ಮೂರು ಬೆರಳೂ ತಂತಿಯನ್ನು ಸವರಿದಷ್ಟೇ ಆಳದಲ್ಲಿ ದಾಟಬೇಕು. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಉಳಿದೆರಡಕ್ಕೆ ಲೋಹದವು. ಲೋಹದ ಪಿಕ್ಕಿನ ನಾಲಗೆ ಬೆರಳ ತುದಿಯ ವಕ್ರಕ್ಕೆ ಸ್ವಲ್ಪ ಬಾಗಿರಲಿ. ಅಂಚು ತಾಗಿದರೆ 4ನೇ ತಂತಿಯಲ್ಲಿ ಗರಗಸದ ಸದ್ದು ಬರುತ್ತದೆ, ಏಕೆಂದರೆ ಅದು ಸುರುಳಿ ಸುತ್ತಿದ ತಂತಿ. ಉಂಗುರ ಬೆರಳು, ಕಿರುಬೆರಳು ಎರಡೂ ಬ್ರಿಜ್ ಹತ್ತಿರ ಪೊರೆಯ ಮೇಲೆ ಊರಿರಲಿ. ಸ್ಕ್ರಗ್ಸ್ ಹಾಗೇ ಊರುತ್ತಿದ್ದರು. ಒತ್ತಬಾರದು, ಆನಿಸಬೇಕಷ್ಟೇ. ಒತ್ತಿದರೆ ಪೊರೆ ಮಂಕಾಗುತ್ತದೆ, ಮುಂಗೈ ಬೇಗ ಸೋಲುತ್ತದೆ.

ಲಯಗಾರ:

ಐದನೇ ತಂತಿ ಅವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಕೊನ್ನಕೋಲು ಗೊತ್ತಿರುವವರಿಗೆ ಈ 3, 3, 2 ಹೊಸದಲ್ಲ. ಕೈಯಲ್ಲಿ ಸಮವಾಗಿ ತಾಳ ಹಾಕುತ್ತ ಬಾಯಲ್ಲಿ "ತಕಿಟ ತಕಿಟ ತಕ" ಹೇಳಿ, ಪ್ರತಿ ಪೆಟ್ಟಿಗೆ ನಾಲ್ಕು ಅಕ್ಷರ. ಎರಡು ಪೆಟ್ಟಿಗೆ ಎಂಟು ಅಕ್ಷರ ಮುಗಿದು ಸಮಕ್ಕೆ ಕೂಡುತ್ತದೆ. ಪ್ರತಿ "ತ" ಮೇಲೆ ಹೆಬ್ಬೆರಳು. ಬಾಯಲ್ಲಿ ಹತ್ತು ನಿಮಿಷ ಹೇಳಿ ಆಮೇಲೆ ವಾದ್ಯ ಎತ್ತಿಕೊಂಡರೆ ಬೆರಳಿಗೆ ಎಣಿಕೆಯ ಭಾರ ಇರುವುದಿಲ್ಲ.

ಗಮನಿಸಬೇಕಾದ ವ್ಯತ್ಯಾಸ: ವೀಣೆಯ ತಾಳದ ತಂತಿಗಳನ್ನು ಕಿರುಬೆರಳು ಮೀಟುತ್ತದೆ, ಅವು ತಾಳ ತೋರಿಸುತ್ತವೆ. ಬ್ಯಾಂಜೊದ 5ನೇ ತಂತಿ ತಾಳ ತೋರಿಸುವುದಿಲ್ಲ, ಹೆಚ್ಚಾಗಿ ಪೆಟ್ಟು ತಪ್ಪಿಸಿಯೇ ಬೀಳುತ್ತದೆ. ಅದನ್ನು ಸಮದ ಮೇಲೆ ತಂದು ಕೂರಿಸುವ ಅಭ್ಯಾಸ ನಮ್ಮವರಲ್ಲಿ ಕಂಡುಬರುತ್ತದೆ, ಅದನ್ನು ಮೊದಲೇ ತಿದ್ದಿಕೊಳ್ಳಿ. ಗಮಕ ಎಳೆಯಲು ಇಲ್ಲಿ ಸ್ವರಕ್ಕೆ ಆಯುಸ್ಸಿಲ್ಲ. ಅದರ ಜಾಗದಲ್ಲಿ ಎಡಗೈಯ ಹ್ಯಾಮರ್ (ಬೆರಳು ಬಡಿದು ಸ್ವರ ತರುವುದು), ಪುಲ್ (ಬೆರಳು ಎಳೆದು ಬಿಡುವುದು), ಸ್ಲೈಡ್ (ಜಾರಿಸುವುದು) ಇವೆ, ಅವೂ ಲಯಕ್ಕೆ ಕಟ್ಟುಬಿದ್ದಿರಬೇಕು.

ಮೇಪಲ್ ಬ್ರಿಜ್:

ಕೈ ಸರಿ ಇದ್ದೂ ವಾದ್ಯ ಕೈಕೊಡಬಹುದು. ಬ್ಯಾಂಜೊ ಗಿಟಾರಿನಂತೆ ಅಂಟಿಸಿದ ಡಬ್ಬಿಯಲ್ಲ. ಬೋಲ್ಟು ಕಟ್ಟಿದ ಯಂತ್ರ. ಎಲ್ಲವೂ ಕಳಚುತ್ತದೆ, ಎಲ್ಲವೂ ಸಡಿಲವಾಗುತ್ತದೆ. ಪರೀಕ್ಷೆಯನ್ನು ಈ ಕ್ರಮದಲ್ಲೇ ಮಾಡಿ, ಹಿಂದುಮುಂದು ಮಾಡಿದರೆ ಎರಡೆರಡು ಸಲ ಕೆಲಸ.

ಮೊದಲು ಪೊರೆಯ ಬಿಗಿತ. 11 ಇಂಚಿನ ಪ್ಲಾಸ್ಟಿಕ್ ಪೊರೆ, ಸುತ್ತ ಸಾಮಾನ್ಯವಾಗಿ 24 ಕೊಕ್ಕೆ. ರೆಸೊನೇಟರ್‌ನ ನಾಲ್ಕು ತಿರುಪು ಬಿಚ್ಚಿ ಹಿಂಭಾಗ ತೆಗೆಯಿರಿ. ತಂತಿಗಳ ಕೆಳಗೆ ಬಟ್ಟೆ ತುರುಕಿ ಸದ್ದಡಗಿಸಿ, ಪೊರೆಯನ್ನು ಬೆರಳಿನಿಂದ ತಟ್ಟಿ. ಬ್ಲೂಗ್ರಾಸ್‌ನಲ್ಲಿ ಹೆಚ್ಚಿನವರು ಇಡುವುದು ಜಿ ಅಥವಾ ಜಿ ಶಾರ್ಪ್ ಹತ್ತಿರ. ಡ್ರಮ್‌ಡಯಲ್ ಮಾಪಕ ಇದ್ದರೆ 88ರಿಂದ 91. ಬಿಗಿಯುವಾಗ ಒಂದು ಕೊಕ್ಕೆ, ಆಮೇಲೆ ಅದರ ನೇರ ಎದುರಿನದು, ಹೀಗೆ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ. ವೃತ್ತಾಕಾರವಾಗಿ ಸಾಲಾಗಿ ಬಿಗಿದರೆ ಒಂದು ಕಡೆ ಎಳೆದುಕೊಂಡು ಪೊರೆ ಬಿಗಿಯುವ ಬಳೆ (ಹೂಪ್) ಓರೆಯಾಗುತ್ತದೆ. ಪೊರೆ ಸಡಿಲವಿದ್ದರೆ ಬ್ರಿಜ್ ಕೆಳಗೆ ಕುಸಿದಿರುವುದು ಕಣ್ಣಿಗೇ ಕಾಣುತ್ತದೆ, ಸ್ವರಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳುತ್ತವೆ. ಅತಿಯಾದರೆ ಸದ್ದು ತಗಡಿನಂತೆ ತೆಳ್ಳಗಾಗುತ್ತದೆ, ಪೊರೆ ಹರಿಯಲೂಬಹುದು.

ಎರಡನೆಯದು ಬ್ರಿಜ್. ಅದು ಅಂಟಿಸಿಲ್ಲ, ತಂತಿಯ ಒತ್ತಡದಲ್ಲೇ ನಿಂತಿದೆ. ಆದ್ದರಿಂದ ತಂತಿ ಬದಲಾಯಿಸುವಾಗ ಒಂದೊಂದೇ ಬಿಚ್ಚಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಮೆಟ್ಟಿಲಿಗೆ) ಎಷ್ಟು ದೂರವೋ 12ರಿಂದ ಬ್ರಿಜ್‌ಗೂ ಸರಿಸುಮಾರು ಅಷ್ಟೇ. ಗಿಬ್ಸನ್ ಅಳತೆಯ ವಾದ್ಯದಲ್ಲಿ 13 ಇಂಚಿಗಿಂತ ತುಸು ಹೆಚ್ಚು. ಆಮೇಲೆ ಕಿವಿಯಿಂದ ಸರಿಮಾಡಿ: 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ತಾಗಿಸಿ ಹಾರ್ಮೊನಿಕ್ ಮೀಟಿ, ಅದೇ ಫ್ರೆಟ್ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ ಅನ್ನು ಟೇಲ್‌ಪೀಸ್ (ತಂತಿಯ ಬುಡ ಕಟ್ಟಿರುವ ತುಂಡು) ಕಡೆಗೆ ಸರಿಸಿ, ಇಳಿದಿದ್ದರೆ ಕುತ್ತಿಗೆ ಕಡೆಗೆ. ಶ್ರುತಿ ಮಾಡುತ್ತ ಹೋದಂತೆ ತಂತಿ ಬ್ರಿಜ್‌ನ ತಲೆಯನ್ನು ಕುತ್ತಿಗೆ ಕಡೆ ಎಳೆಯುತ್ತದೆ. ವಾರಕ್ಕೊಮ್ಮೆ ನೋಡಿ, ನೆಟ್ಟಗೆ ನಿಲ್ಲಿಸಿ. ಬಾಗಿದ ಬ್ರಿಜ್ ಒಂದು ದಿನ ಸೊಟ್ಟಗೇ ಉಳಿದುಬಿಡುತ್ತದೆ. ಎತ್ತರ 5/8 ಇಂಚಿನದು ರೂಢಿ, ಮೇಪಲ್ ಮರದ ಮೇಲೆ ಎಬೊನಿ ಪಟ್ಟಿ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ 3 ಮಿ.ಮೀ. ಸುತ್ತಮುತ್ತ ಇದ್ದರೆ ಸಾಕು. ಅದಕ್ಕಿಂತ ಕೆಳಗಿದ್ದರೆ ಬಲವಾಗಿ ಮೀಟಿದಾಗ ತಂತಿ ಫ್ರೆಟ್‌ಗೆ ಬಡಿದು ಎಲ್ಲ ಸ್ವರಗಳೂ ಒಂದೇ ಬಣ್ಣಕ್ಕೆ ಬರುತ್ತವೆ. ಕೇಳುಗ ಅವರೇ, ನಿಮ್ಮ ಸಮಸ್ಯೆಗೆ ಇದೂ ಕಾರಣವಿರಬಹುದು. ಕುತ್ತಿಗೆಯನ್ನು ರಿಮ್‌ಗೆ (ಮರದ ವೃತ್ತಕ್ಕೆ) ಬಿಗಿದಿರುವ ಒಳಗಿನ ಕೋಆರ್ಡಿನೇಟರ್ ರಾಡ್‌ಗಳನ್ನು ತಿರುಗಿಸಿ ಎತ್ತರ ಬದಲಿಸುವುದನ್ನು ಅಲ್ಪಸ್ವಲ್ಪಕ್ಕೆ ಮಾತ್ರ ಬಳಸಿ. ಜೋರು ಮಾಡಿದರೆ ರಿಮ್ ಆಕಾರ ಕೆಡುತ್ತದೆ. ಬದಲಿಗೆ ಬೇರೆ ಎತ್ತರದ ಬ್ರಿಜ್ ಹಾಕಿ.

ಸ್ಕ್ರಗ್ಸ್ ವಾದ್ಯದ ಬಗ್ಗೆ: 1949ರ ಸುಮಾರಿಗೆ ಇನ್ನೊಬ್ಬ ಬ್ಯಾಂಜೊ ವಾದಕ ಡಾನ್ ರೀನೊ ಅವರೊಂದಿಗೆ ವಾದ್ಯ ಅದಲುಬದಲು ಮಾಡಿಕೊಂಡು ಪಡೆದ ಗಿಬ್ಸನ್ ಗ್ರನಾಡಾ ಮಾಸ್ಟರ್‌ಟೋನ್ ಅದು. ರೀನೊಗಿಂತ ಮುಂಚೆ ಸ್ನಫಿ ಜೆಂಕಿನ್ಸ್ ಕೈಯಲ್ಲಿತ್ತು. ಒಳಗಿರುವುದು ಫ್ಲ್ಯಾಟ್‌ಹೆಡ್ ಟೋನ್ ರಿಂಗ್: ಮೂರು ಪದರದ ಮೇಪಲ್ ರಿಮ್ ಮೇಲೆ ಕೂರುವ, ಸುಮಾರು ಒಂದೂವರೆ ಕಿಲೊ ತೂಕದ ಎರಕದ ಬಳೆ. ಆರ್ಚ್‌ಟಾಪ್ ರಿಂಗ್‌ನಲ್ಲಿ ಪೊರೆಯ ಮಧ್ಯಭಾಗ ಮಾತ್ರ ಅದುರುತ್ತದೆ, ಸದ್ದು ಹರಿತ. ಫ್ಲ್ಯಾಟ್‌ಹೆಡ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಗಲ ಅದುರುವುದರಿಂದ 3, 4ನೇ ತಂತಿಗಳಿಗೆ ಮೈ ಬರುತ್ತದೆ. ಹೆಬ್ಬೆರಳಿನ ಧಾಟಿ ಮೇಲೇಳಲು ಇದೂ ಒಂದು ಕಾರಣ. ಅವರ ಆರಂಭದ ಧ್ವನಿಮುದ್ರಣಗಳು ಕರುವಿನ ಚರ್ಮದ ಪೊರೆಯ ಮೇಲಿನವು. ಪ್ಲಾಸ್ಟಿಕ್ ಬಂದದ್ದು 1950ರ ದಶಕದ ಕೊನೆಗೆ. ಚರ್ಮ ತೇವಕ್ಕೆ ಸಡಿಲ, ಒಣಹವೆಗೆ ಬಿಗಿ. ಮಂಗಳೂರು, ಉಡುಪಿ ಕಡೆ ಇರುವವರು "ಹಳೆಯ ನಾದ" ಬೇಕೆಂದು ಚರ್ಮ ಹಾಕಿಸಿದರೆ ಮಳೆಗಾಲದಲ್ಲಿ ದಿನಾ ಕೊಕ್ಕೆ ತಿರುಗಿಸುತ್ತ ಕೂರಬೇಕಾಗುತ್ತದೆ.

ಕೇಳುಗ:

ಇಷ್ಟು ವಿವರಕ್ಕೆ ನಿಜಕ್ಕೂ ಕೃತಜ್ಞ. ತಂತಿಯ ಎತ್ತರ ಅಳೆದರೆ 2 ಮಿ.ಮೀ.ಗೂ ಕಡಿಮೆ ಇದೆ, ಬ್ರಿಜ್ ಕೂಡ ಕುತ್ತಿಗೆ ಕಡೆ ವಾಲಿದೆ. ಇನ್ನೆರಡು ಸಂದೇಹ. "ಫಾಗಿ ಮೌಂಟನ್ ಬ್ರೇಕ್‌ಡೌನ್" 1949ರ ಮೂಲ ಧ್ವನಿಮುದ್ರಣದ ಜೊತೆ ನುಡಿಸಲು ಹೋದರೆ ಶ್ರುತಿ ಕೂಡುವುದಿಲ್ಲ. ಎರಡನೇ ಕಾರ್ಡ್ ಬಂದಾಗ ಏನೋ ಕಚ್ಚಿದಂತೆ ಕೇಳುತ್ತದೆ. ಮತ್ತೆ, ಸ್ವರವನ್ನು ಜಾರಿಸಿ ಇಳಿಸಿ ಏರಿಸುತ್ತಾರಲ್ಲ, ಅದಕ್ಕೆ ಬೇರೆ ಬಿರಡೆ ಬೇಕೇ?

ಐದನೇ ತಂತಿ:

ಎರಡೂ ನಿಮ್ಮ ಕಿವಿಯ ತಪ್ಪಲ್ಲ. ಆ ಕಾಲದಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ತಂಡ ವಾದ್ಯಗಳನ್ನು ಮಾಮೂಲಿಗಿಂತ ಮೇಲಕ್ಕೆ, ಅರ್ಧ ಸ್ವರದವರೆಗೂ ಏರಿಸಿ ಕಟ್ಟುತ್ತಿತ್ತು. ಜೊತೆಗೆ ನುಡಿಸಬೇಕಿದ್ದರೆ ತಂತಿ ಏರಿಸಬೇಡಿ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 5ನೇ ತಂತಿಯನ್ನು ಬಿರಡೆಯಲ್ಲೇ ಅರ್ಧ ಸ್ವರ ಏರಿಸಿ, ಉಳಿದ ಕೂದಲೆಳೆಯ ವ್ಯತ್ಯಾಸ ಕಿವಿಯಿಂದ ಹೊಂದಿಸಿ. 2ನೇ ಫ್ರೆಟ್‌ಗೆ ಕ್ಯಾಪೊ ಹಾಕುವುದಾದರೆ 5ನೇ ತಂತಿಯನ್ನು 7ನೇ ಫ್ರೆಟ್‌ನಲ್ಲಿ ಹಿಡಿಸಬೇಕು, 4ಕ್ಕೆ ಹಾಕಿದರೆ 9ರಲ್ಲಿ. ಇದಕ್ಕೆ ಆಟಿಕೆ ರೈಲು ಹಳಿಗೆ ಹೊಡೆಯುವ ಪುಟ್ಟ ಮೊಳೆಗಳನ್ನು ಫ್ರೆಟ್‌ಬೋರ್ಡಿಗೆ ಹೊಡೆಸುವುದು ಎಲ್ಲ ಕಡೆ ರೂಢಿ. ಒಳ್ಳೆಯ ಕೆಲಸಗಾರರಿಂದಲೇ ಹೊಡೆಸಿ, ತೂತು ಮೊದಲೇ ಕೊರೆಯದಿದ್ದರೆ ಎಬೊನಿ ಸೀಳುತ್ತದೆ.

ಕಚ್ಚುವುದು ನಿಜ. ಆ ಧ್ವನಿಮುದ್ರಣದಲ್ಲಿ ಸ್ಕ್ರಗ್ಸ್ ಇ ಮೈನರ್ ನುಡಿಸುತ್ತಾರೆ, ಫ್ಲ್ಯಾಟ್ ಗಿಟಾರಿನಲ್ಲಿ ಇ ಮೇಜರ್ ಹಿಡಿಯುತ್ತಾರೆ. ಬ್ಯಾಂಜೊದ ತೆರೆದ ಜಿ, ಗಿಟಾರಿನ ಜಿ ಶಾರ್ಪ್ ಎರಡೂ ಒಟ್ಟಿಗೆ. ಶಾಸ್ತ್ರದ ಪ್ರಕಾರ ಅಪಶ್ರುತಿ. ಆ ಕೃತಿಯ ಖಾರ ಇರುವುದೇ ಅಲ್ಲಿ ಎಂಬುದು ನನ್ನ ಅಭಿಪ್ರಾಯ. ಮನ್ರೋ ತಂಡದ "ಬ್ಲೂಗ್ರಾಸ್ ಬ್ರೇಕ್‌ಡೌನ್" ಇದರ ಹತ್ತಿರದ ಬಂಧು, ಅದರಲ್ಲಿ ಈ ಜಾಗದಲ್ಲಿ ಎಫ್ ಬರುತ್ತದೆ. ಒಂದರ ಹಿಂದೆ ಒಂದು ಕೇಳಿ.

ಶುರುವಿನ ರೋಲ್: 2 1 2 1 5 2 1 5, ಬೆರಳು ತೋ ನ ಹೆ ನ ಹೆ ತೋ ನ ಹೆ. 2ನೇ ತಂತಿಯನ್ನು 2ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ, ತಕ್ಷಣ 3ನೇ ಫ್ರೆಟ್‌ಗೆ ಹ್ಯಾಮರ್. ಅದು ಎರಡು ಸಲ ಬರುತ್ತದೆ: ಮೊದಲನೆಯದಕ್ಕೆ ತೋರುಬೆರಳು, ಎರಡನೆಯದಕ್ಕೆ ಹೆಬ್ಬೆರಳು. ಎರಡಕ್ಕೂ ತೋರುಬೆರಳನ್ನೇ ಬಳಸಿದರೆ ನಿಧಾನದಲ್ಲಿ ಗೊತ್ತಾಗುವುದಿಲ್ಲ, ವೇಗ ಏರಿದಾಗ ಕೈ ಬಿಗಿದುಕೊಳ್ಳುತ್ತದೆ. ಮೂಲದ ವೇಗದಲ್ಲಿ ಸೆಕೆಂಡಿಗೆ ಹತ್ತರ ಸುಮಾರು ಸ್ವರ. ಹ್ಯಾಮರ್‌ನ ಎರಡನೇ ಸ್ವರ 1ನೇ ತಂತಿಗಿಂತ ಮುಂಚೆ ಬಿದ್ದು ಮುಗಿದಿರಬೇಕು. ತಡವಾದರೆ ಎರಡೂ ಒಟ್ಟಿಗೆ ಬಿದ್ದು ಮಸುಕಾಗುತ್ತದೆ.

ಮೇಪಲ್ ಬ್ರಿಜ್:

ಬಿರಡೆಯ ವಿಷಯ. 1951ರ "ಅರ್ಲ್ಸ್ ಬ್ರೇಕ್‌ಡೌನ್"ನಲ್ಲಿ ಸ್ಕ್ರಗ್ಸ್ ಮಾಮೂಲಿ ಬಿರಡೆಯನ್ನೇ ಕಿವಿಯ ಅಂದಾಜಿನಲ್ಲಿ ತಿರುಗಿಸಿ 2ನೇ ತಂತಿಯನ್ನು ಬಿ ಯಿಂದ ಎ ಗೆ ಇಳಿಸಿ ಏರಿಸುತ್ತಿದ್ದರು. ಪ್ರತಿ ಸಲ ನಿಖರವಾಗಿ ನಿಲ್ಲಿಸುವುದು ಕಷ್ಟ ಎಂದು ಬಿರಡೆ ತಲೆಯಲ್ಲಿ ತೂತು ಕೊರೆದು ತಂತಿಯನ್ನು ತಳ್ಳುವ ಕ್ಯಾಮ್ ಅಳವಡಿಸಿದರು. 1952ರ "ಫ್ಲಿಂಟ್ ಹಿಲ್ ಸ್ಪೆಷಲ್" ಅದರ ಫಲ. 1960ರ ದಶಕದಲ್ಲಿ ಬ್ಯಾಂಜೊ ವಾದಕ ಬಿಲ್ ಕೀತ್ ಮತ್ತು ಡ್ಯಾನ್ ಬಂಪ್ ಬಿರಡೆಯ ಒಳಗೇ ತಡೆ ಇರುವ ರೂಪ ಮಾಡಿದರು, ತೂತು ಕೊರೆಯುವ ಅಗತ್ಯ ಹೋಯಿತು. ಈಗ ಕೊಳ್ಳುವುದಾದರೆ ಆ ಕೀತ್ ಮಾದರಿಯದನ್ನೇ ಕೊಳ್ಳಿ, 2 ಮತ್ತು 3ನೇ ತಂತಿಗೆ ಒಂದು ಜೊತೆ. 2ನೆಯದು ಬಿ ಯಿಂದ ಎ, 3ನೆಯದು ಜಿ ಯಿಂದ ಎಫ್ ಶಾರ್ಪ್. ಎರಡೂ ಇಳಿದಾಗ 4ರಿಂದ 1ರವರೆಗಿನ ತಂತಿಗಳು ಡಿ ಕಾರ್ಡ್ ಆಗುತ್ತವೆ.

ಹೊಂದಿಸುವುದು ಹೀಗೆ: ಎರಡು ತಡೆ ತಿರುಪುಗಳನ್ನೂ ಸಡಿಲಿಸಿ, ಮೇಲಿನ ಸ್ವರಕ್ಕೆ ಶ್ರುತಿ ಮಾಡಿ ಒಂದನ್ನು ಬಿಗಿಯಿರಿ, ಕೆಳಗಿನ ಸ್ವರಕ್ಕೆ ಇಳಿಸಿ ಇನ್ನೊಂದನ್ನು ಬಿಗಿಯಿರಿ. ಹೊಸ ತಂತಿ ಹಾಕಿದ ದಿನ ಇದನ್ನು ಮಾಡಬೇಡಿ. ತಂತಿ ಹಿಗ್ಗುತ್ತಲೇ ಇರುತ್ತದೆ, ತಡೆಗಳು ಸುಳ್ಳು ಹೇಳುತ್ತವೆ. ಒಂದೆರಡು ದಿನ ನುಡಿಸಿ, ಕೈಯಿಂದ ಮೆಲ್ಲಗೆ ಎಳೆದು ಹಿಗ್ಗಿಸಿ, ಆಮೇಲೆ ಹೊಂದಿಸಿ. ಇಳಿಸಿ ಏರಿಸುವಾಗ "ಟಿಂಗ್" ಎಂದು ಸದ್ದಾಗಿ ಸ್ವರ ನೆಗೆದರೆ ನಟ್‌ನ ಸೀಳು ತಂತಿಯನ್ನು ಕಚ್ಚಿ ಹಿಡಿಯುತ್ತಿದೆ. ತಂತಿ ಪಕ್ಕಕ್ಕೆ ಸರಿಸಿ ಆ ಸೀಳಿನಲ್ಲಿ ಮೆತ್ತನೆಯ ಪೆನ್ಸಿಲ್ ತುದಿಯನ್ನು ನಾಲ್ಕೈದು ಸಲ ಉಜ್ಜಿ. ಹೆಚ್ಚಿನ ಸಲ ಅಷ್ಟೇ ಸಾಕು.

ಆದರೆ ಮೊದಲು ನಿಮ್ಮ 2 ಮಿ.ಮೀ. ಸರಿಮಾಡಿ. ಬ್ರಿಜ್ ನೆಟ್ಟಗೆ ನಿಲ್ಲಿಸಿ, ಪೊರೆ ಬಿಗಿದು, ಮತ್ತೆ ಅಳೆಯಿರಿ. ಸಡಿಲ ಪೊರೆಯಲ್ಲಿ ಬ್ರಿಜ್ ಕುಸಿದೇ ಆ ಅಳತೆ ಬಂದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಹೊಸ ಬ್ರಿಜ್‌ಗೆ ಹಣ ಕೊಡಬೇಕಾಗಿಲ್ಲ.